ನೀರು ಇಳಿದಾಗ: ಶಿರಸಿಯಿಂದ ಅತ್ತಿವೇರಿಗೆ ಹಕ್ಕಿ ನೋಡುತ್ತ ಒಂದು ದಿನ

ಫೆಬ್ರುವರಿ ಮುಗಿಯುತ್ತ ಬಂದಿದೆ. ಮಾವು ಮಿಡಿ ಕಚ್ಚುತ್ತಿದೆ, ಬೂರುಗ ಎಲೆ ಉದುರಿಸಿ ಕೆಂಪು ಹೂ ತುಂಬಿಕೊಂಡಿದೆ. ಶಿರಸಿ ಸುತ್ತ ಹಕ್ಕಿ ಎಲ್ಲಿ ಸಿಗುತ್ತವೆ ಎಂದು ಕೇಳಿದರೆ ಬಹಳ ಮಂದಿ ಸೋಂದೆಯ ಮುಂಡಿಗೆಕೆರೆ ಎನ್ನುತ್ತಾರೆ. ಅದು ಮಳೆಗಾಲದ ಕೆರೆ. ಬೆಳ್ಳಕ್ಕಿಗಳು ಮುಂಗಾರಿನ ಜೊತೆ ಬಂದು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟಿ, ಮರಿ ಬಲಿತ ಮೇಲೆ ಹೊರಟುಬಿಡುತ್ತವೆ. ಸೊರಬದ ಗುಡವಿಯ ಗದ್ದಲವೂ ಮಳೆಗಾಲದ್ದೇ. ಶಿವರಾತ್ರಿ ಸುಮಾರಿಗೆ ಹಿಡಿಯಬೇಕಾದ್ದು ಮುಂಡಗೋಡದ ದಾರಿ. ಅಲ್ಲಿನ ಜಲಾಶಯಗಳ ನೀರು ಇಳಿದು, ಅಂಚಿನ ಕೆಸರು ಹೊರಬಿದ್ದಿರುತ್ತದೆ.

ಐದೂವರೆಗೆ ಶಿರಸಿ ಬಿಟ್ಟು, ಬೆಳಕು ಹರಿಯುವಾಗ ಮಳಗಿ ಹತ್ತಿರದ ಧರ್ಮಾ ಜಲಾಶಯ. ಇಲ್ಲಿ ನಿಂತ ನೀರು ಗಡಿ ದಾಟಿ ಹಾನಗಲ್ ತಾಲೂಕಿನ ಗದ್ದೆಗಳಿಗೆ ಹೋಗುತ್ತದೆ. ಅವತ್ತು ಎಂಟರವರೆಗೂ ಮಂಜು ಕರಗಲಿಲ್ಲ. ಈ ತಿಂಗಳಲ್ಲಿ ಇದು ಮಾಮೂಲು, ಅಷ್ಟು ಹೊತ್ತು ಕಿವಿಯೇ ದುರ್ಬೀನು. ತಲೆಯ ಮೇಲೆ ಎರಡೆರಡು ಸ್ವರದಲ್ಲಿ ಸೀಟಿ ಹೊಡೆಯುತ್ತ ಹೋದದ್ದು ಸಿಳ್ಳೆ ಬಾತುಗಳ ಗುಂಪು. ದಂಡೆಯಲ್ಲಿ ಬೊಬ್ಬೆ ಹೊಡೆದದ್ದು ಟಿಟ್ಟಿಭ, ಯಾರೋ ಹತ್ತಿರ ಬಂದರು ಎಂದು ಮಿಕ್ಕ ಹಕ್ಕಿಗಳಿಗೆಲ್ಲ ಸುದ್ದಿ ಮುಟ್ಟಿಸುವುದೂ ಅದೇ. ಅದು ಕೂಗಿದ ಕೂಡಲೇ ಕೂತುಬಿಡಬೇಕು. ಐದು ನಿಮಿಷ ಅಲುಗಾಡದಿದ್ದರೆ ಎಲ್ಲವೂ ಮತ್ತೆ ಮೇವಿಗೆ ತೊಡಗುತ್ತವೆ.

ಜಲಾಶಯ ಅಂದ ತಕ್ಷಣ ಎಲ್ಲರೂ ಹೋಗುವುದು ಏರಿಯ ಮೇಲೆ. ಅಲ್ಲಿ ಕಲ್ಲು ಕಟ್ಟಿದ ಕಡಿದಾದ ಇಳಿಜಾರು, ಕೆಳಗೆ ಆಳದ ನೀರು. ಸಿಗುವುದು ನೀರುಕಾಗೆ, ಗುಳುಮುಳುಕ, ಹೆಚ್ಚೆಂದರೆ ಒಂದು ರೀವ. ಹಕ್ಕಿ ಬೇಕಿದ್ದರೆ ಏರಿಗೆ ಎದುರು ತುದಿಗೆ, ಹಳ್ಳ ಬಂದು ಸೇರುವಲ್ಲಿಗೆ ಹೋಗಬೇಕು. ಅಲ್ಲಿ ನೆಲ ತಟ್ಟೆಯಂತಿದ್ದು, ನೀರು ಒಂದಡಿ ಇಳಿದರೂ ಅಗಲವಾದ ಕೆಸರು ತೆರೆದುಕೊಳ್ಳುತ್ತದೆ. ಒದ್ದೆ ಮಣ್ಣಿನಲ್ಲಿ ಸಿಪಿಲೆ, ಗೊರವ. ನಾಲ್ಕು ಬೆರಳು ನೀರಲ್ಲಿ ಮೆಟ್ಟುಗಾಲು ಹಕ್ಕಿ. ಗೇಣು ನೀರಲ್ಲಿ ಕೆಂಬರಲು, ಚಮಚದ ಕೊಕ್ಕರೆ. ಇನ್ನೊಂಚೂರು ಆಳದಲ್ಲಿ, ತಲೆ ಕೆಳಗೆ ಬಾಲ ಮೇಲೆ ಮಾಡಿ ಮೇಯುವ ಬಾತುಗಳು. ನೀರಿನ ಆಳ ಊಹಿಸಲು ಬಂದರೆ ಯಾವ ಹಕ್ಕಿ ಎಲ್ಲಿ ಹುಡುಕಬೇಕೆಂಬುದು ಅರ್ಧ ಬಗೆಹರಿದಂತೆ.

ಬಾತು ಗುರುತಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಉತ್ತರದಿಂದ ಅಕ್ಟೋಬರಿನಲ್ಲಿ ಬಂದಿಳಿದಾಗ ಗಂಡು ಗಾರ್ಗನಿಯೂ ಹೆಣ್ಣಿನ ಹಾಗೆ ಕಂದು ಚುಕ್ಕೆಯ ಹಕ್ಕಿ, ಹಕ್ಕಿ ನೋಡುವವರ ಎಷ್ಟೋ ಪಟ್ಟಿಗಳಲ್ಲಿ ತಪ್ಪಾಗುವುದು ಆಗಲೇ. ಫೆಬ್ರುವರಿ ಹೊತ್ತಿಗೆ ಹಳೆ ಗರಿ ಹೋಗಿ, ಕಣ್ಣಿನ ಮೇಲಿಂದ ಕುತ್ತಿಗೆಯವರೆಗೆ ಬಾಗಿದ ಬಿಳಿ ಹುಬ್ಬು ಇನ್ನೂರು ಮೀಟರಿನಿಂದಲೂ ಕಾಣುತ್ತದೆ. ಸೂಜಿಬಾಲದ ಬಾತಿನ ಗಂಡಿಗೂ ಬಾಲ ಪೂರ್ತಿ ಬಂದಿರುತ್ತದೆ. ಗೊರವಗಳು ಅಷ್ಟು ಸುಲಭವಲ್ಲ. ಬಾಲ ಕುಣಿಸುತ್ತ, ರೆಕ್ಕೆಯ ಮುಂದೆ ಹೆಗಲಿಗೆ ಬಿಳಿ ಬೆಣೆ ಹೊಡೆದಂತೆ ಕಂಡರೆ ಕಾಮನ್ ಸ್ಯಾಂಡ್‌ಪೈಪರ್. ಹಾರಿದಾಗ ಸೊಂಟ ಬೆಳ್ಳಗೆ ಕಂಡರೆ ವುಡ್ ಅಥವಾ ಗ್ರೀನ್ ಸ್ಯಾಂಡ್‌ಪೈಪರ್. ರೆಕ್ಕೆಯ ಕೆಳಭಾಗ ಕಪ್ಪಾಗಿದ್ದರೆ ಗ್ರೀನ್, ತಿಳಿಯಾಗಿದ್ದರೆ ವುಡ್.

ದುರ್ಬೀನು 8x42 ಸಾಕು, ಎಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು. 10x ಹಿಡಿದರೆ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲವೂ ಕಡಿಮೆ. ದೂರದ ಬಾತುಗಳಿಗೆ ಸ್ಟ್ಯಾಂಡಿನ ಮೇಲಿಟ್ಟು ನೋಡುವ ಸ್ಕೋಪ್ ಬೇಕು. ಆದರೆ ಬಿಸಿಲು ಏರಿದ ಮೇಲೆ ಕೆಸರಿನಿಂದೇಳುವ ಝಳಕ್ಕೆ 60x ಇಟ್ಟರೆ ಹಕ್ಕಿ ನೀರಲ್ಲಿ ಕಲಸಿದಂತೆ ಕಾಣುತ್ತದೆ, 20ಕ್ಕೆ ಇಳಿಸಿಕೊಳ್ಳಬೇಕು. ಬೆಳಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ: ಬಿಸಿಲು ಬೆನ್ನಿಗಿರಬೇಕು. ಇಲ್ಲದಿದ್ದರೆ ಎಲ್ಲ ಬಾತೂ ಕಪ್ಪು ಬಾತೇ.

ಒಂದು ಮಾತು ಒತ್ತಿ ಹೇಳಬೇಕು. ಈ ಕಾಲವೇ ಉಣುಗುಗಳದ್ದೂ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದ ಕ್ಯಾಸನೂರು ಪಕ್ಕದ ಸೊರಬ ತಾಲೂಕಿನದು. ದಂಡೆಗೆ ಇಳಿಯಲು ಕಾಡು ಹಾಯುವಾಗ ತರಗೆಲೆಯ ಮೇಲೆ ಕೂರಬಾರದು. ಉದ್ದ ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ಸೇರಿಸಿ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು. ಮನೆಗೆ ಬಂದವರೇ ಬಟ್ಟೆ ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡಿಕೊಳ್ಳಬೇಕು. ಮರುವಾರ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಮಳಗಿ ದಾಟಿದಂತೆ ಕಾಡು ತೆಳುವಾಗುತ್ತದೆ. ತಂತಿಯ ಮೇಲೆ ನೀಲಕಂಠ ಕಾಣಲು ಶುರುವಾದರೆ ಬಯಲುಸೀಮೆ ಹತ್ತಿರವಾಯಿತೆಂದು ಲೆಕ್ಕ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಊಟ. ಅಲ್ಲಿಂದ ಹದಿನೈದು ಕಿಲೋಮೀಟರಿಗೆ ಅತ್ತಿವೇರಿ ಪಕ್ಷಿಧಾಮ, 2.23 ಚದರ ಕಿಲೋಮೀಟರು. ಮೂರು ಗಂಟೆಯ ಮೊದಲು ಹೋದರೆ ನಿದ್ದೆ ಮಾಡುವ ಹಕ್ಕಿಗಳೇ ಹೆಚ್ಚು.

ದಂಡೆಯಲ್ಲಿ ಒಂದು ಬಾಯ್ಕಳಕ ಕೊಕ್ಕರೆ ಇಪ್ಪತ್ತು ಹೆಜ್ಜೆ ದೂರದಲ್ಲೇ ಮೇಯುತ್ತಿತ್ತು. ಅರ್ಧ ತೆರೆದ ಕೊಕ್ಕನ್ನು ಕೆಸರಿಗೆ ಚುಚ್ಚಿ ಚುಚ್ಚಿ ತೆಗೆದು, ನೀರಿನ ಬಸವನಹುಳುವೊಂದನ್ನು ನೆಲಕ್ಕೆ ಒತ್ತಿ ಹಿಡಿಯಿತು. ಕೊಕ್ಕಿನ ಆ ಸಂದಿ ಅಡಕತ್ತರಿಯಂತೆ ಚಿಪ್ಪು ಒಡೆಯಲಿಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೇಲಿನ ಕೊಕ್ಕು ಚಿಪ್ಪನ್ನು ಅದುಮಿ ಹಿಡಿಯುತ್ತದೆ, ಕೆಳಗಿನ ಕೊಕ್ಕಿನ ಚೂಪು ತುದಿ ಚಿಪ್ಪಿನ ಬಾಯಿಯ ಮುಚ್ಚಳದ ಸಂದಿನಿಂದ ಒಳಹೊಕ್ಕು ಮಾಂಸ ಬಿಡಿಸುತ್ತದೆ. ಹಕ್ಕಿ ಎದ್ದುಹೋದ ಜಾಗದಲ್ಲಿ ಖಾಲಿ ಚಿಪ್ಪು ಹೆಚ್ಚುಕಮ್ಮಿ ಇಡಿಯಾಗಿಯೇ ಬಿದ್ದಿತ್ತು.

ಐದೂವರೆಯಿಂದ ನೀರುಕಾಗೆ, ಕೆಂಬರಲುಗಳು ನಡುನೀರಿನ ಮರಗಳಿಗೆ ಮರಳತೊಡಗುತ್ತವೆ. ಒಂದೊಂದಾಗಿ ಎಣಿಸಲು ಹೋದರೆ ಕೈ ತಪ್ಪುತ್ತದೆ. ಮೊದಲ ಹತ್ತನ್ನು ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿಯಿತೆಂದು ಕಣ್ಣಲ್ಲಿಟ್ಟುಕೊಂಡು, ಉಳಿದ ಸಾಲನ್ನು ಅದೇ ಅಳತೆಯಿಂದ ಅಳೆಯಬೇಕು. ಕತ್ತಲಾದ ಮೇಲೆ ಮರದ ಕಡೆಗೆ ಟಾರ್ಚ್ ಬಿಡುವುದು ಬೇಡ. ಬೆದರಿ ಎದ್ದ ಹಕ್ಕಿಗೆ ಕತ್ತಲಲ್ಲಿ ಮತ್ತೆ ಕೊಂಬೆ ಸಿಗುವುದು ಕಷ್ಟ.