ಬೀಸಣಿಗೆ ಸಿನಿಮಾದ ಜಗಳ

2013ರ ಮಳೆಗಾಲ. ಧಾರವಾಡದ ಮಳೆ ಹಿಡಿದರೆ ಬಿಡೋದಿಲ್ಲ, ಗೊತ್ತಲ್ವಾ. ಮೈದಾನದ ತುಂಬ ಕೆಂಪು ಕೆಸರು, ಹಾಸ್ಟೆಲ್ ತುಂಬ ಒಣಗದ ಬಟ್ಟೆ. ಅಂಥ ಒಂದು ಶನಿವಾರ ಇಂಗ್ಲಿಷ್ ಮೇಡಂ ‘ಸ್ನೋ ಫ್ಲವರ್ ಆ್ಯಂಡ್ ದ ಸೀಕ್ರೆಟ್ ಫ್ಯಾನ್’ ಸಿನಿಮಾ ಹಾಕಿದರು. ಲೀಸಾ ಸೀ ಅವರ ಕಾದಂಬರಿ 2005ರದು, ಸಿನಿಮಾ 2011ರದು. ನಾನೂ ನನ್ನ ರೂಮ್‌ಮೇಟೂ ಪಾಳಿ ಹಚ್ಚಿ ಕಾದಂಬರಿ ಓದಿ ಮುಗಿಸಿದ್ದೆವು. ಹಾಗಾಗಿ ತಪ್ಪು ಹುಡುಕೋಕೆ ಅಂತಲೇ ಮುಂದಿನ ಬೆಂಚಿನಲ್ಲಿ ಕೂತಿದ್ದೆವು.

ನಿರ್ದೇಶಕ ವೇಯ್ನ್ ವಾಂಗ್ ಹುಟ್ಟಿದ್ದು 1949ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಅವರಪ್ಪನಿಗೆ ಹಾಲಿವುಡ್ ನಟ ಜಾನ್ ವೇಯ್ನ್ ಅಂದರೆ ಹುಚ್ಚು, ಮಗನಿಗೆ ಅದೇ ಹೆಸರಿಟ್ಟರು. ಮುಂದೆ ಮಗ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಓದಿ, ಅಲ್ಲಿನ ಚೀನೀ ಜನರ ಕಥೆಗಳನ್ನೂ ಸಿನಿಮಾ ಮಾಡಿದ. ಮೇಡಂ ಇದನ್ನು ಹೇಳುವಾಗ ನನ್ನ ರೂಮ್‌ಮೇಟ್ ಕಿವಿಯಲ್ಲಿ ಅಂದಳು: “ನಮ್ಮನ್ಯಾಗೂ ಹಂಗ ಐತಿ. ಅಜ್ಜಿ ಮರಾಠಿಯೊಳಗ ಬೈತಾಳ, ನಾ ಕನ್ನಡದಾಗ ತಿರುಗಿ ಮಾತಾಡ್ತೀನಿ.”

ಕಾದಂಬರಿ 19ನೇ ಶತಮಾನದ ಚೀನಾದ ಹುನಾನ್ ಪ್ರಾಂತ್ಯದ್ದು. ಪಾದ ಬೆಳೆಯದ ಹಾಗೆ ಬಿಗಿದು ಕಟ್ಟಿಸಿಕೊಂಡು ಮನೆಯೊಳಗೇ ಬೆಳೆದ ಇಬ್ಬರು ಹುಡುಗಿಯರು ‘ಲಾವೊತೊಂಗ್’ ಆಗ್ತಾರೆ, ಅಂದರೆ ಜೀವಮಾನದ ಗೆಳತಿಯರು. ಹೆಣ್ಣುಮಕ್ಕಳಷ್ಟೇ ಬಳಸುತ್ತಿದ್ದ ನುಶು ಲಿಪಿಯಲ್ಲಿ ಬೀಸಣಿಗೆಯ ಮಡಿಕೆ ಮೇಲೆ ಬರೆದು ಕಳಿಸ್ತಾರೆ. ವಾಂಗ್ ಇದರ ಜೊತೆಗೆ ಈಗಿನ ಶಾಂಘೈನ ಇಬ್ಬರು ಗೆಳತಿಯರ ಕಥೆ ಸೇರಿಸಿದ್ದಾರೆ. ಎರಡರಲ್ಲೂ ನಟಿಯರು ಅವರೇ. ನಡುವೆ ಹಾಲಿವುಡ್ ನಟ ಹ್ಯೂ ಜಾಕ್‌ಮನ್ ಬಂದು ಚೀನೀ ಭಾಷೆಯಲ್ಲಿ ಹಾಡಿದಾಗ ಹಿಂದಿನ ಬೆಂಚಿನಿಂದ ಸೀಟಿ ಬಿತ್ತು. ಮೇಡಂ ತಿರುಗಿ ನೋಡಲಿಲ್ಲ, ಪುಣ್ಯ.

ನನಗೆ ಸಿಟ್ಟು. ಪುಸ್ತಕದಲ್ಲಿ ಇಲ್ಲದ ಶಾಂಘೈ ಯಾಕೆ ಬೇಕಿತ್ತು? ಅತ್ತ ಕಣ್ಣೀರು ಬರೋ ಹೊತ್ತಿಗೆ ಇತ್ತ ಕಾರು, ಮೊಬೈಲು. ಅವಳು ಒಪ್ಪಲಿಲ್ಲ. “ಅಂವಾ ಎರಡೂ ಕಡೆ ಬದುಕಿದವ. ಒಂದ ಕಡೆ ಹೆಂಗ ನಿಂದರ್ತಾನ?” ಅಂದಳು. ರಾತ್ರಿ ಮೆಸ್ಸಿನಲ್ಲಿ ರೊಟ್ಟಿ ಆರುವ ತನಕ ಜಗಳ ನಡೆಯಿತು.

ಆಮೇಲೆ ಅವಳು ಟ್ರಂಕಿನಿಂದ ಅರ್ಧ ಮುಗಿದ ಕಸೂತಿ ತೆಗೆದಳು. ಗವಂತಿ ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು, ಗಂಟು ಹಾಕುವ ಹಾಗಿಲ್ಲ. ದಾರದ ತುದಿಯನ್ನು ಹೊಲಿಗೆಯ ಕೆಳಗೇ ಜಾರಿಸಿ ಮುಚ್ಚಬೇಕು. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. “ಇದ ನಮ್ಮ ನುಶು ತಗೋ” ಅಂದಳು. ನಾನು ಬಟ್ಟೆ ತಿರುಗಿಸಿ ಗಂಟು ಹುಡುಕಿದೆ. ಸಿಗಲಿಲ್ಲ. ಆಮೇಲೆ ಅವಳು ಏನು ಹೊಲಿದರೂ ತಿರುಗಿಸಿ ನೋಡೋದು ನನಗೆ ಚಟವಾಯಿತು.

ಈಗ ಅವಳು ಪುಣೆಯಲ್ಲಿದ್ದಾಳೆ. ಶಾಂಘೈ ಬಗ್ಗೆ ನಾವಿನ್ನೂ ರಾಜಿ ಆಗಿಲ್ಲ. ಹೋದ ದೀಪಾವಳಿಗೆ ಕೊರಿಯರ್‌ನಲ್ಲಿ ಒಂದು ಕರ್ಚೀಫು ಬಂತು, ಮೂಲೆಯಲ್ಲಿ ಪುಟ್ಟ ತೇರು. ತಿರುಗಿಸಿದೆ. ಚಕ್ರದ ಹಿಂದೆ ಒಂದು ಗಂಟು! ಫೋನ್ ಮಾಡಿ, “ಏನಲೇ, ಗಂಟ ಹಾಕೀಯಲ್ಲ?” ಅಂದೆ.

“ನೀ ತಿರುಗಿಸಿ ನೋಡ್ತೀಯೋ ಇಲ್ಲೋ ಅಂತ ಹಾಕಿದ್ದೆ” ಅಂದಳು.