ಆಷಾಢದಲ್ಲಿ ಬಂದ ಲಗ್ನಪತ್ರಿಕೆ

ಹೋದ ವರ್ಷ ಆಷಾಢದಲ್ಲಿ ಅಮ್ಮನ ವಾಟ್ಸಾಪ್‌ಗೆ ಒಂದು ಲಗ್ನಪತ್ರಿಕೆ ಬಂತು. ಕಳಿಸಿದ್ದು ಕೊಪ್ಪದ ದೊಡ್ಡಪ್ಪ. 'ತಪ್ಪದೇ ಬನ್ನಿ' ಅಂತ ಒಂದು ಸಾಲು, ಕೆಳಗೊಂದು ಫೈಲು. ಆಷಾಢದಲ್ಲಿ ಯಾರಮ್ಮಾ ಮದುವೆ ಮಾಡ್ತಾರೆ ಅಂತ ಆಮೇಲೆ ಕೇಳಿದೆ. "ಶ್ರಾವಣದ್ದಿರಬೇಕು, ಮುಂಚೇನೇ ಕರೆದಿದಾರೆ ಅಂದ್ಕೊಂಡೆ ಕಣೋ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಫೈಲಿನ ಹೆಸರಿನ ತುದಿಯಲ್ಲಿ ಚುಕ್ಕಿ ಇಟ್ಟು 'ಎಪಿಕೆ' ಅಂತಿತ್ತು. ಪತ್ರಿಕೆ ಫೋಟೋ ಆಗಿ ಬರುತ್ತೆ, ಇಲ್ಲಾಂದ್ರೆ ಪಿಡಿಎಫ್ ಆಗಿ. ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಆ್ಯಪ್. ಫೋನು ಇಂಗ್ಲಿಷಿನಲ್ಲಿ ಹುಷಾರು ಅಂದಿತ್ತಂತೆ. ಅಮ್ಮ ನೀಲಿ ಅಕ್ಷರ ಕಂಡಲ್ಲೆಲ್ಲ ಒತ್ತಿದ್ದಾರೆ. ಎಸ್ಎಂಎಸ್ ಓದಲಾ ಅಂತ ಕೇಳಿದ್ದಕ್ಕೂ ಹೂಂ ಅಂದಿದ್ದಾರೆ. ಲಗ್ನಪತ್ರಿಕೆಗೆ ನಮ್ಮ ಎಸ್ಎಂಎಸ್ ಯಾಕೆ ಬೇಕು? ಬ್ಯಾಂಕಿನ ಓಟಿಪಿ ಬರೋದು ಅಲ್ಲಿಗೇ ಅಲ್ವಾ.

ಪುಣ್ಯಕ್ಕೆ, "ಪತ್ರಿಕೆ ತೆರೆಯೋದೇ ಇಲ್ಲ, ನೋಡು" ಅಂತ ಐದೇ ನಿಮಿಷಕ್ಕೆ ಫೋನು ನನ್ನ ಕೈಗೆ ಬಂತು. ಸಿಮ್ ಕಿತ್ತೆ, ವೈಫೈ ಆರಿಸಿದೆ. ನನ್ನ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆಯಿಂದ ದುಡ್ಡು ಹೋಗದ ಹಾಗೆ ಮಾಡಿಸಿದೆ. ಆಮೇಲೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿದ್ದಾಯ್ತು. ಅಮ್ಮನ ಹೂಗಿಡದ ಫೋಟೋಗಳೆಲ್ಲ ಹೋದವು. ಅದಕ್ಕೆ ಇನ್ನೂ ನನ್ನನ್ನೇ ಬೈತಾರೆ.

ದೊಡ್ಡಪ್ಪನ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಅವರು ಯಾರಿಗೂ ಏನೂ ಕಳಿಸಿರಲಿಲ್ಲ. ಎರಡು ದಿನದ ಹಿಂದೆ ಅವರೂ ಇಂಥದ್ದೇ ಪತ್ರಿಕೆ ಒತ್ತಿ 18 ಸಾವಿರ ಕಳಕೊಂಡಿದ್ದರು. ಈಗ ಅದು ಅವರ ಹೆಸರಲ್ಲಿ ಊರಿಗೆಲ್ಲ ಮದುವೆ ಕರೆಯುತ್ತಿತ್ತು.

"ಯಾರಿಗೂ ಹೇಳಬೇಡ ಮಾರಾಯ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ಹಿಂಗಾದ ಅಂತ ನಗ್ತಾರೆ."

ಆನ್‌ಲೈನ್ ಮೋಸದ ದೂರು ಕೊಡುವ ಸಹಾಯವಾಣಿ 1930ಕ್ಕೂ ಫೋನ್ ಮಾಡಿರಲಿಲ್ಲ. ಆಗಲೇ ಮಾಡಿದ್ದರೆ, ಕಳ್ಳರು ದುಡ್ಡು ತೆಗೆಯುವ ಮುಂಚೆ ಆ ಖಾತೆಯಲ್ಲೇ ಅದನ್ನು ತಡೆಯುವ ಅವಕಾಶ ಇತ್ತು. ಎರಡು ದಿನದಲ್ಲಿ ಅದು ಎಷ್ಟು ಖಾತೆ ದಾಟಿರುತ್ತೋ! ಮೋಸ ಹೋಗಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ, ಯಾರೂ ಹೋಗಬಹುದು. ಬಾಯಿ ಬಿಡದೆ ಕೂತಿದ್ದಕ್ಕೆ ಮಾತ್ರ ಸಿಟ್ಟು ಬಂತು. ದೊಡ್ಡವರು ಅಂತಲೂ ನೋಡದೆ ಸ್ವಲ್ಪ ಜಾಸ್ತಿಯೇ ಮಾತಾಡಿದೆ.

ರಾತ್ರಿ ಮನೆಯವರ ಗುಂಪಿನಲ್ಲಿ, ದೊಡ್ಡಮ್ಮನ ಫೋನಿನಿಂದ, ದೊಡ್ಡಪ್ಪನದೇ ದನಿ ಬಂತು. "ನಾನು ಮೋಸ ಹೋಗಿದೀನಿ. ನನ್ನ ಹೆಸರಲ್ಲಿ ಬಂದ ಪತ್ರಿಕೆ ಯಾರೂ ತೆರೀಬೇಡಿ." ಒಂದೇ ನಿಮಿಷ. ಕೆಳಗೆ ಸಾಗರದ ಅತ್ತೆಯ ಉತ್ತರ:

"ಅಯ್ಯೋ ಅಣ್ಣಾ, ನಾನು ಬೆಳಿಗ್ಗೆಯೇ ಒತ್ತಿಯಾಗಿದೆ. ಈಗೇನು ಮಾಡೋದು?"