ಕೂಪರ್ ಟಿ51: ಎಂಜಿನ್ ಆಮೇಲೆ, ಮೊದಲು ಗೇರ್‌ಬಾಕ್ಸ್

1959ರ ಫಾರ್ಮುಲಾ ಒನ್ ರೇಸ್ ಕಾರು ಕೂಪರ್ ಟಿ51 ವರ್ಕ್‌ಶಾಪಿಗೆ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಚಾಲಕನ ಬೆನ್ನ ಹಿಂದಿರುವ ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್ನಿಗೆ. ನಾವು ಮೊದಲು ಇಳಿಸುವುದು ಅದರ ಹಿಂದಿನ ಗೇರ್‌ಬಾಕ್ಸಿನ ಆಯಿಲ್.

ಈ ಗೇರ್‌ಬಾಕ್ಸಿನ ಮೂಲ ಸಿಟ್ರೊಯೆನ್ನಿನ ಟ್ರಾಕ್ಷನ್ ಅವಾಂ, ಸಂಸಾರಸ್ಥರ ಕಾರು. ಅದರ 1,911 ಸಿಸಿ ಎಂಜಿನ್ನಿನ ಶಕ್ತಿ 56 ಅಶ್ವಶಕ್ತಿಯ ಆಸುಪಾಸು. ಅಲ್ಲಿ ಮುಂದಿನ ಚಕ್ರ ತಿರುಗಿಸುತ್ತಿದ್ದದ್ದು ಇಲ್ಲಿ ಹಿಂದಕ್ಕೆ ಬಂತು. ಒಳಗಿನ ಗೇರುಗಳನ್ನು ಬದಲಿಸಿ ಗಟ್ಟಿ ಮಾಡಿದ್ದೇನೋ ನಿಜ, ಆದರೆ 2.5 ಲೀಟರಿನ ಕ್ಲೈಮ್ಯಾಕ್ಸ್ ಅದರ ಮೇಲೆ ಹೇರುವುದು ಸುಮಾರು 240 ಅಶ್ವಶಕ್ತಿ. ಬೇರೆ ಗೇರ್‌ಬಾಕ್ಸ್ ಹಾಕಿದವರೂ ನೆಮ್ಮದಿಯಾಗಿರಲಿಲ್ಲ ಬಿಡಿ: 1959ರಲ್ಲಿ ಸ್ಟರ್ಲಿಂಗ್ ಮಾಸ್ ಕೊಲೊಟ್ಟಿ ಗೇರ್‌ಬಾಕ್ಸಿನ ಟಿ51ನಲ್ಲಿ ಪೋರ್ಚುಗಲ್, ಇಟಲಿ ಗ್ರ್ಯಾನ್ ಪ್ರಿ ರೇಸುಗಳನ್ನು ಗೆದ್ದರು, ಮೊನಾಕೊದಲ್ಲಿ ಮುಂದಿದ್ದಾಗಲೇ ಟ್ರಾನ್ಸ್‌ಮಿಷನ್ ಕೈಕೊಟ್ಟಿತು. ಆ ವರ್ಷ ವಿಶ್ವ ಚಾಂಪಿಯನ್ ಆದದ್ದು ಕೂಪರ್ ತಂಡದ ಜಾಕ್ ಬ್ರಾಬಮ್.

ಆಯಿಲ್ ಬಿಸಿಯಿರುವಾಗಲೇ ಬಿಳಿ ಟ್ರೇಗೆ ಇಳಿಸಿ, ಮ್ಯಾಗ್ನೆಟ್ ಆಡಿಸಿ. ಬೆರಳಿಗೆ ನುಣ್ಣಗೆ ಹತ್ತುವ ಬೂದು ಪೇಸ್ಟ್ ಬರೀ ಸವೆತ, ಗಾಬರಿ ಬೇಡ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿತೋ, ಬಿಚ್ಚಲೇಬೇಕು. ಬಿಚ್ಚಿದಾಗ ಕ್ರೌನ್ ವೀಲ್ ಎಂಬ ದೊಡ್ಡ ಗೇರಿನ ಬ್ಯಾಕ್‌ಲ್ಯಾಶನ್ನು, ಅಂದರೆ ಹಲ್ಲುಗಳ ನಡುವಿನ ಸಡಿಲವನ್ನು, ಒಂದೇ ಹಲ್ಲಿನ ಮೇಲೆ ಅಳೆದು ಎದ್ದುಬಿಡಬೇಡಿ. ಸುತ್ತ ನಾಲ್ಕು ಕಡೆ ಡಯಲ್ ಗೇಜ್ ಇಟ್ಟು ನೋಡಿ. ನಾಲ್ಕು ಅಳತೆಯೂ ಬೇರೆ ಬೇರೆ ಬಂದರೆ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಸರಿಹೋಗದು. ಕ್ರೌನ್ ವೀಲ್ ಸೊಟ್ಟ ಕೂತಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಕೊನೆಗೆ ಹಲ್ಲಿಗೆ ಮಾರ್ಕಿಂಗ್ ಬ್ಲೂ ಸವರಿ ತಿರುಗಿಸಿ. ಗುರುತು ಹಲ್ಲಿನ ಅಂಚಿಗೆ ಸರಿದಿದ್ದರೆ ಕ್ರೌನ್ ವೀಲನ್ನು ತಿರುಗಿಸುವ ಚಿಕ್ಕ ಗೇರಿನ, ಅಂದರೆ ಪಿನಿಯನ್ನಿನ, ಜಾಗ ತಪ್ಪಿದೆ ಎಂದೇ ಲೆಕ್ಕ.

ಎಂಜಿನ್ನಿನಲ್ಲಿ ಹೊಸಬರು ಎಡವುವುದು ಆಯಿಲ್ ಮಟ್ಟದಲ್ಲಿ. ಇದು ಡ್ರೈ ಸಂಪ್, ಅಂದರೆ ಆಯಿಲ್ ಇರಬೇಕಾದದ್ದು ಎಂಜಿನ್ನಿನ ತಳದಲ್ಲಲ್ಲ, ಬೇರೆ ಟ್ಯಾಂಕಿನಲ್ಲಿ. ವಾರಗಟ್ಟಲೆ ನಿಂತ ಕಾರಿನಲ್ಲಿ ಟ್ಯಾಂಕಿನ ಆಯಿಲ್ ಪಂಪಿನ ಸಂದಿಯಿಂದ ಕೆಳಗೆ ಜಿನುಗಿರುತ್ತದೆ. ಟ್ಯಾಂಕ್ ಖಾಲಿ ಕಂಡಿತೆಂದು ಸುರಿದರೆ, ಸ್ಟಾರ್ಟ್ ಮಾಡಿದ ಮೇಲೆ ಸ್ಕ್ಯಾವೆಂಜ್ ಪಂಪ್ ಕೆಳಗಿನದನ್ನೂ ಎತ್ತಿ ಟ್ಯಾಂಕಿಗೆ ತುಂಬುತ್ತದೆ, ಹೆಚ್ಚಾದದ್ದು ಗಾಳಿ ಹೋಗುವ ಕೊಳವೆಯಾದ ಬ್ರೀದರಿನಿಂದ ನೆಲಕ್ಕೆ. ಎಂಜಿನ್ ಓಡಿಸಿ, ನಿಲ್ಲಿಸಿದ ಕೂಡಲೇ ಅಳೆಯಬೇಕು.

ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಹಿಂದೆ. ನಡುವಿನ ಉದ್ದದ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರು ಹಾಕುವ ಬಾಯಿಯಿರುವ ತುದಿಯನ್ನು ಜಾಕ್‌ನಿಂದ ಎತ್ತಿ, ನಿಧಾನಕ್ಕೆ ತುಂಬಿ.

ಇನ್ನು ಚಾಸಿ. ಕೂಪರಿನ ಮುಖ್ಯ ಪೈಪುಗಳು ನೆಟ್ಟಗಿರದೆ ಬಾಗಿರುವುದರಿಂದ ಭಾರ ಬಿದ್ದಾಗ ಮಿಡಿಯುತ್ತವೆ, ಬಿರುಕು ವೆಲ್ಡಿಂಗಿನ ಅಂಚಲ್ಲಿ ಶುರುವಾಗುತ್ತದೆ. ಹೊಳೆಯುವ ಹೊಸ ಪೇಂಟ್ ನಂಬಬೇಡಿ. ಕೀಲುಗಳಲ್ಲಿ ಪೇಂಟ್ ತೆಗೆದು, ಬಿರುಕಿನೊಳಕ್ಕೆ ಇಳಿಯುವ ಕೆಂಪು ಬಣ್ಣವಾದ ಡೈ ಪೆನೆಟ್ರಂಟ್ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಕೂದಲೆಳೆಯಷ್ಟು ಕೆಂಪು ಗೆರೆ ಬಿಳಿಯ ಮೇಲೆ ಎದ್ದು ಬಂದರೆ ಆ ಕಾರು ಟ್ರ್ಯಾಕಿಗೆ ಇಳಿಯುವುದಿಲ್ಲ.